ಬಹಳ ವರ್ಷ ಆಳಿದ ಜನಮರುಳು ಸರ್ಕಾರಗಳು ಮತ್ತು ನಮ್ಮ ಕಿಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದೆ. ಈಗ ಧಾರವಾಡ, ಗದಗ, ಹಾವೇರಿ ಜಿಲ್ಲೆಯ ಊರುಗಳಿಂದ ಯಾರು ಕರೆದರೂ ಹೋಗಿ ಮಾತಾಡುತ್ತೇನೆ. ಮಹಿಳಾ ಸಂಘದ ಸಭೆಯಲ್ಲಿ, ಕಾಲೇಜಿನ ವರಾಂಡದಲ್ಲಿ, ಬಸ್ಸಿನ ಪಕ್ಕದ ಸೀಟಿನಿಂದ, ಅಂಚೆಯಲ್ಲಿ ಬಂದ ಕಾಗದದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಜಿಗುಟಾದವು ಆಮೇಲೆ.

## ಮೊದಲ ಪ್ರಶ್ನೆಗಳು

ಜನಮರುಳು ಸರ್ಕಾರ ಅಂದ್ರ ಯಾವುದ್ರೀ? ಪುಕ್ಕಟೆ ಹಂಚೂ ಸರ್ಕಾರನ?

ಪತ್ರಿಕೆಯವರು ‘ಜನಮರುಳು ಯೋಜನೆ’ ಎಂದು ಬರೆಯುವುದು ಸೀರೆ, ಮಿಕ್ಸಿ, ಸಾಲಮನ್ನಾದಂಥವುಗಳಿಗೆ. ರಾಜ್ಯಶಾಸ್ತ್ರದವರು ಪಾಪ್ಯುಲಿಸಂ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಬೇರೆ. ಒಬ್ಬ ನಾಯಕ ಬರುತ್ತಾನೆ. ದೇಶದಲ್ಲಿ ಎರಡೇ ಪಂಗಡ ಎನ್ನುತ್ತಾನೆ: ನಿಜವಾದ ಜನ, ಮತ್ತು ಅವರನ್ನು ಸುಲಿದ ಮೇಲಿನವರು. ಆ ನಿಜವಾದ ಜನರ ಬಾಯಿ ತಾನೊಬ್ಬನೇ ಎನ್ನುತ್ತಾನೆ. ಅವನು ಎಡಪಂಥದವನಾದರೆ ಮೇಲಿನವರು ಎಂದರೆ ಸಾಹುಕಾರರು, ಬ್ಯಾಂಕಿನವರು. ಬಲಪಂಥದವನಾದರೆ ವಲಸೆ ಬಂದವರು, ಅಲ್ಪಸಂಖ್ಯಾತರು, ಓದಿದ ಪಟ್ಟಣದವರು ಆ ಜಾಗದಲ್ಲಿ ಬರುತ್ತಾರೆ.

ಇದರಲ್ಲಿ ಅರ್ಥಶಾಸ್ತ್ರ ಎಲ್ಲಿ ಬಂತು ಎಂದು ಕೇಳಬಹುದು. ನಾನೇ ಜನ ಎಂದವನಿಗೆ ಅಡ್ಡ ಬಂದವರೆಲ್ಲ ಜನದ್ರೋಹಿಗಳಾಗಿ ಕಾಣುತ್ತಾರೆ. ಬೇಡ ಎನ್ನುವ ನ್ಯಾಯಾಧೀಶ, ಬಡ್ಡಿ ಇಳಿಸದ ಕೇಂದ್ರ ಬ್ಯಾಂಕು (ನಮ್ಮ ರಿಸರ್ವ್ ಬ್ಯಾಂಕಿನಂಥದು), ತುಟ್ಟಿಯ ನಿಜವಾದ ಅಂಕಿ ಬರೆದ ಗುಮಾಸ್ತೆ ಎಲ್ಲರೂ ಅದೇ ಸಾಲಿಗೆ. ಲೆಕ್ಕ ಕೇಳುವವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾ ಹೋಗುವುದೇ ಈ ಪುಟದ ತುಂಬ ಬರುವ ಕಥೆ.

ಹಂಗಾರ ನಮ್ಮ ಗೃಹಲಕ್ಷ್ಮಿ, ಶಕ್ತಿ ಯೋಜನೆ ಜನಮರುಳು ಅಲ್ಲನ್ರೀ?

ಈ ಪ್ರಶ್ನೆ ಬಾರದ ಸಭೆಯೇ ಇಲ್ಲ. ಕೇಳುವವರ ದನಿಯಲ್ಲಿ ಒಮ್ಮೆ ಸಿಟ್ಟು, ಒಮ್ಮೆ ಅಂಜಿಕೆ ಇರುತ್ತದೆ.

ಬಡವರಿಗೆ ಕೊಟ್ಟ ಮಾತ್ರಕ್ಕೆ ಯಾವ ಸರ್ಕಾರವೂ ಜನಮರುಳು ಆಗುವುದಿಲ್ಲ. ಮೂರು ಪ್ರಶ್ನೆ ಕೇಳಿ. ಕೊಡುವ ರೊಕ್ಕ ಬಜೆಟ್ಟಿನಲ್ಲಿ ಕಾಣುತ್ತದೆಯೇ? ಅದನ್ನು ಪ್ರಶ್ನಿಸುವವರಿಗೆ ಜಾಗ ಇದೆಯೇ? ಮುಂದಿನ ಚುನಾವಣೆಯಲ್ಲಿ ಸೋಲುವ ಸಾಧ್ಯತೆ ಆ ಸರ್ಕಾರಕ್ಕಿದೆಯೇ? ಕರ್ನಾಟಕದಲ್ಲಿ ಐದು ಗ್ಯಾರಂಟಿಗಳಿಗೆ 2025-26ರ ಬಜೆಟ್ಟಿನಲ್ಲಿ ಇಟ್ಟದ್ದು 51,034 ಕೋಟಿ ರೂಪಾಯಿ. ಒಟ್ಟು ಬಜೆಟ್ 4,09,549 ಕೋಟಿ. ಎಂಟರಲ್ಲಿ ಒಂದು ಪಾಲು. ದೊಡ್ಡ ಮೊತ್ತವೇ, ಆದರೆ ಬರೆದಿಟ್ಟ ಮೊತ್ತ. ವಿರೋಧ ಪಕ್ಷದವರು ಅದೇ ಅಂಕಿ ಹಿಡಿದು ಸದನದಲ್ಲಿ ಜಗಳ ಮಾಡುತ್ತಾರೆ, ಮಾಡಲೇಬೇಕು.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಕುಂದಗೋಳದಿಂದ ಹುಬ್ಬಳ್ಳಿಗೆ ಬರುವ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಣ್ಣುಮಗಳೊಬ್ಬಳು ಮೆಂತೆ, ರಾಜಗಿರಿ ಸೂಡುಗಳ ಗಂಟನ್ನು ಕಾಲಬುಡದಲ್ಲಿಟ್ಟುಕೊಂಡು ಶೂನ್ಯ ದರದ ಟಿಕೆಟನ್ನು ಮಡಿಚಿ ಬಳೆಯ ಸಂದಿಗೆ ಸಿಕ್ಕಿಸಿದಳು. ಮೊದಲು ಊರಲ್ಲೇ ದಲಾಲಿಗೆ ಕೊಡುತ್ತಿದ್ದಳಂತೆ, ಈಗ ಜನತಾ ಬಜಾರಿನಲ್ಲಿ ತಾನೇ ಕೂತು ಮಾರುತ್ತಾಳೆ. ಅವಳನ್ನು ‘ಬಿಟ್ಟಿ ಗಿರಾಕಿ’ ಎನ್ನುವವರ ಜೊತೆ ನಾನು ಸೇರುವವಳಲ್ಲ. ಹಾಗಂತ ಖರ್ಚಿಗೆ ಭಾರವೇ ಇಲ್ಲ ಎಂದೂ ಹೇಳುವುದಿಲ್ಲ. ಆ ಭಾರ ಎಲ್ಲಿ ಬೀಳುತ್ತದೆ ಎಂಬುದನ್ನು ರಾಜ್ಯಗಳ ಪ್ರಶ್ನೆಯಲ್ಲಿ ಬರೆದಿದ್ದೇನೆ.

ಒಟ್ಟು ಎಷ್ಟು ಲುಕ್ಸಾನು? ಯಾರರ ಲೆಕ್ಕಾ ಹಾಕ್ಯಾರೇನು?

ಹಾಕಿದ್ದಾರೆ. ಮಾನುಯೆಲ್ ಫುಂಕೆ, ಮೊರಿಟ್ಸ್ ಶುಲಾರಿಕ್, ಕ್ರಿಸ್ಟೋಫ್ ಟ್ರೆಬೆಶ್ ಎಂಬ ಮೂವರು ಜರ್ಮನ್ ಅರ್ಥಶಾಸ್ತ್ರಜ್ಞರು 1900ರಿಂದ 2020ರವರೆಗೆ 60 ದೇಶಗಳನ್ನು ನೋಡಿ, 51 ಪಾಪ್ಯುಲಿಸ್ಟ್ ಅಧ್ಯಕ್ಷ-ಪ್ರಧಾನಿಗಳ ಕಾಲವನ್ನು ಅಳೆದರು. ಅಂಥ ನಾಯಕ ಬಂದ ಹದಿನೈದು ವರ್ಷಕ್ಕೆ ದೇಶದ ತಲಾ ಆದಾಯ, ಅವನು ಬಾರದೆ ಇದ್ದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ಸುಮಾರು ಶೇ 10ರಷ್ಟು ಕೆಳಗಿತ್ತು.

ಶೇ 10 ಎಂದರೆ ಸಣ್ಣದಾಗಿ ಕೇಳಿಸುತ್ತದೆ. ತಿಂಗಳಿಗೆ 20,000 ದುಡಿಯಬೇಕಿದ್ದ ಮನೆ 18,000ಕ್ಕೆ ನಿಂತಿತು ಎಂದುಕೊಳ್ಳಿ, ಪ್ರತಿ ಮನೆಯೂ, ಪ್ರತಿ ತಿಂಗಳೂ. ಮತ್ತೆ ಇದು ಸರಾಸರಿ. ವೆನೆಜುವೆಲಾದಂಥ ಕಡೆ ಸರ್ವನಾಶ, ಕೆಲವು ಕಡೆ ಗಾಯ ಸಣ್ಣದು. ಬಡವ-ಬಲ್ಲಿದರ ನಡುವಿನ ಅಂತರವೂ ಸರಾಸರಿಯಲ್ಲಿ ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ನನಗೆ ಶೇ 10ಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಇದು, ಯಾಕೆಂದರೆ ಅವರು ಗೆದ್ದು ಬಂದದ್ದೇ ಬಡವರ ಹೆಸರಿನಲ್ಲಿ.

ಮೊದಲ ನಾಲ್ಕೈದು ವರ್ಷ ಎಲ್ಲಾ ಚಲೋನ ಇರತೈತಲ್ಲ, ಅದ್ಯಾಕ?

ನಮ್ಮ ಅಜ್ಜಿಯ ಮನೆಯ ಅಂಗಳದಲ್ಲಿ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಇತ್ತು. ಹಗೇವಿನ ಜೋಳ ತೆಗೆದು ಉಣ್ಣುವ ವರ್ಷ ಮನೆಯಲ್ಲಿ ಯಾರಿಗೂ ಬರಗಾಲ ಬಂದದ್ದು ಗೊತ್ತಾಗುವುದಿಲ್ಲ. ರೊಟ್ಟಿ ಅದೇ, ಬುಟ್ಟಿ ಅದೇ. ತಳ ಕಂಡಾಗಲೇ ಗೊತ್ತಾಗುವುದು, ಅಷ್ಟರಲ್ಲಿ ಬೀಜದ ಜೋಳಕ್ಕೂ ಕೈ ಹಾಕಿ ಆಗಿರುತ್ತದೆ.

ದೇಶದ ಹಗೇವು ಎಂದರೆ ವಿದೇಶಿ ವಿನಿಮಯದ ಮೀಸಲು, ಸುಮ್ಮನೆ ನಿಂತ ಕಾರ್ಖಾನೆ, ಸಾಲ ಕೊಡುವವರ ನಂಬಿಕೆ. ಇವನ್ನು ಖರ್ಚು ಮಾಡುವ ಕಾಲದಲ್ಲಿ ಕೂಲಿ ಏರುತ್ತದೆ, ವ್ಯಾಪಾರ ಜೋರಾಗುತ್ತದೆ. ರೂಡಿಗರ್ ಡೋರ್ನ್‌ಬುಷ್, ಸೆಬಾಸ್ಟಿಯನ್ ಎಡ್ವರ್ಡ್ಸ್ ಎಂಬ ಅರ್ಥಶಾಸ್ತ್ರಜ್ಞರು ಲ್ಯಾಟಿನ್ ಅಮೆರಿಕದ ಅನುಭವ ನೋಡಿ ಇದನ್ನು ನಾಲ್ಕು ಹಂತವಾಗಿ ಬಿಡಿಸಿದ್ದರು: ಸುಗ್ಗಿ, ಅಭಾವ, ಕುಸಿತ, ಆಮೇಲೆ ಬೇರೊಂದು ಸರ್ಕಾರ ಬಂದು ಬಿಗಿ ಪಟ್ಟು ಹಾಕುವುದು. ಪೆರುವಿನಲ್ಲಿ ಅಲಾನ್ ಗಾರ್ಸಿಯಾ 1985ರಲ್ಲಿ ಅಧ್ಯಕ್ಷನಾದ. ಮರುವರ್ಷ ಸುಗ್ಗಿಯೋ ಸುಗ್ಗಿ. ಅವನು ಇಳಿದ 1990ರಲ್ಲಿ ಬೆಲೆಗಳು ಒಂದೇ ವರ್ಷದಲ್ಲಿ ಶೇ 7,000ಕ್ಕೂ ಹೆಚ್ಚು ಏರಿದ್ದವು. ಐದೇ ವರ್ಷ ಆಳಿದವನ ಕಥೆ ಇದು. ಬಹಳ ವರ್ಷ ಕೂರುವವರಿಗೆ ಹಗೇವು ದೊಡ್ಡದಿರುತ್ತದೆ, ಎಣ್ಣೆಯೋ ಅನಿಲವೋ ಹೊರಗಿನ ಸಾಲವೋ. ಸುಗ್ಗಿ ಹೆಚ್ಚು ದಿನ ನಡೆಯುತ್ತದೆ, ಅಷ್ಟರಲ್ಲಿ ಎಚ್ಚರಿಸುವವರು ಒಬ್ಬರೂ ಉಳಿದಿರುವುದಿಲ್ಲ.

ಜನ ಇಂಥವರನ್ನ ಯಾಕ ಆರಿಸಿ ತರತಾರ? ಜನಕ್ಕ ತಿಳಿಯೂದಿಲ್ಲೇನು?

ಜನಕ್ಕೆ ತಿಳಿಯುತ್ತದೆ. ಸಿಟ್ಟಿಗೆ ಕಾರಣ ಇರುತ್ತದೆ. ವೆನೆಜುವೆಲಾದಲ್ಲಿ 1989ರಲ್ಲಿ ಬಸ್ ದರ ಏರಿದಾಗ ಬೀದಿಗೆ ಬಂದ ಜನರ ಮೇಲೆ ಗುಂಡು ಹಾರಿ ನೂರಾರು ಮಂದಿ ಸತ್ತರು. ಮುಂದೆ ಹ್ಯೂಗೋ ಚಾವೆಜ್ ಗೆದ್ದು ಅಧ್ಯಕ್ಷನಾದದ್ದು ಆ ನೆನಪಿನ ಮೇಲೆ. ಟರ್ಕಿಯಲ್ಲಿ 2001ರಲ್ಲಿ ಬ್ಯಾಂಕುಗಳು ಮುಳುಗಿದವು, ಮರುವರ್ಷ ಎರ್ಡೋಗನ್ ಪಕ್ಷ ಗೆದ್ದಿತು. ಹಂಗೇರಿಯಲ್ಲಿ ಸಾವಿರಾರು ಕುಟುಂಬಗಳು ಸ್ವಿಸ್ ಫ್ರಾಂಕಿನಲ್ಲಿ ಮನೆ ಸಾಲ ಮಾಡಿದ್ದವು. 2008ರ ನಂತರ ಫ್ರಾಂಕ್ ತುಟ್ಟಿಯಾಗಿ ಅವರ ಕಂತು ಏರುತ್ತಾ ಹೋಯಿತು, 2010ರಲ್ಲಿ ಓರ್ಬಾನ್ ಪ್ರಧಾನಿಯಾಗಿ ಬಂದ.

2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ವಾಹನಗಳು ಹೊತ್ತಿ ಉರಿದದ್ದನ್ನು ನಾವು ನೋಡಿದ್ದೇವೆ. ಬೆಂಕಿ ಹಚ್ಚಿದ್ದು ತಪ್ಪು. ಅದರ ಹಿಂದಿನ ಹೊಟ್ಟೆಯುರಿ ಸುಳ್ಳಲ್ಲ. ಆ ಉರಿಯನ್ನು ಕೇಳಿಸಿಕೊಳ್ಳದ ಸಭ್ಯ ಸರ್ಕಾರಗಳೇ ಮುಂದಿನವನಿಗೆ ಬಾಗಿಲು ತೆರೆದುಕೊಟ್ಟದ್ದು ಎಂದು ನಾನು ನಂಬುತ್ತೇನೆ.

## ಬೆಲೆ, ಬಡ್ಡಿ, ನೋಟು

ಸರ್ಕಾರ ಇಷ್ಟ ರೇಟಿಗೆ ಮಾರ್ರಿ ಅಂತ ಕಟ್ಟಪ್ಪಣೆ ಮಾಡಿದ್ರ ಬಡವರಿಗೆ ಅನುಕೂಲ ಅಲ್ಲೇನು?

ಎಂಟು ದಿನಕ್ಕೆ ಅನುಕೂಲ, ವರ್ಷಕ್ಕೆ ಅಲ್ಲ. ಹಂಗೇರಿಯನ್ನು ನೋಡಿ. 2021ರ ನವೆಂಬರ್‌ನಲ್ಲಿ ಪೆಟ್ರೋಲು, ಡೀಸೆಲ್ ಲೀಟರಿಗೆ 480 ಫೋರಿಂಟ್ ಮೀರಬಾರದು ಎಂದಾಯಿತು. ಹೊರಗಿನ ಬೆಲೆ ಮೇಲೇರಿದಾಗ ತರಿಸುವ ಕಂಪನಿಗಳು ತರಿಸುವುದನ್ನೇ ಕಡಿಮೆ ಮಾಡಿದವು. ನಷ್ಟಕ್ಕೆ ಯಾರು ತಂದಾರು? 2022ರ ಡಿಸೆಂಬರ್ ಹೊತ್ತಿಗೆ ಬಂಕುಗಳ ಮುಂದೆ ಸರದಿ, ಕೆಲವು ಕಡೆ ‘ಇಲ್ಲ’ ಎಂಬ ಬೋರ್ಡು. ಸರ್ಕಾರ ರಾತ್ರೋರಾತ್ರಿ ಮಿತಿ ತೆಗೆಯಿತು.

ಆ ವರ್ಷದ ಫೆಬ್ರವರಿಯಿಂದ ಸಕ್ಕರೆ, ಹಿಟ್ಟು, ಸೂರ್ಯಕಾಂತಿ ಎಣ್ಣೆ, ಹಾಲಿಗೂ ಮಿತಿ ಹಾಕಿದ್ದರು. ಅಂಗಡಿಯವರು ಸಕ್ಕರೆಯಲ್ಲಿ ಹೋದದ್ದನ್ನು ಬಿಸ್ಕೀಟು, ಬೆಣ್ಣೆ, ಸಾಬೂನಿನ ಮೇಲೆ ತೆಗೆದುಕೊಂಡರು. ಕಿರಾಣಿ ಅಂಗಡಿ ನಡೆಸಿದ ಯಾರಿಗಾದರೂ ಇದು ಹೇಳಿಕೊಡಬೇಕಾಗಿಲ್ಲ. ವರ್ಷದ ಕೊನೆಗೆ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇ 40ರ ಮೇಲೆ ಏರಿತ್ತು. ಮಿತಿಗಳು ತುಟ್ಟಿಯನ್ನು ಹೆಚ್ಚಿಸುತ್ತಿವೆ ಎಂದು ಬಹಿರಂಗವಾಗಿ ಹೇಳಿದವನು ಯಾರು ಗೊತ್ತೇ? ಓರ್ಬಾನನ ಸಂಪುಟದಲ್ಲೇ ಮಂತ್ರಿಯಾಗಿದ್ದು ಆಮೇಲೆ ಕೇಂದ್ರ ಬ್ಯಾಂಕಿನ ಗವರ್ನರ್ ಆದ ಮಾತೊಲ್ಚಿ.

ವೆನೆಜುವೆಲಾದವರ ಅರೆಪಾ ನಮ್ಮ ಜೋಳದ ರೊಟ್ಟಿಯಿದ್ದಂತೆ, ಮೆಕ್ಕೆಜೋಳದ ಹಿಟ್ಟಿನಿಂದ ತಟ್ಟುವುದು. ಆ ಹಿಟ್ಟಿಗೆ 2003ರಲ್ಲಿ ದರ ಕಟ್ಟಿದರು. ತುಟ್ಟಿ ಏರಿತು, ಹಿಟ್ಟಿನ ದರ ಅಲ್ಲೇ ನಿಂತಿತು. ಗಿರಣಿಗೆ ಹಿಟ್ಟು ಬೀಸುವ ಖರ್ಚೂ ಹುಟ್ಟದ ಕಾಲ ಬಂತು. ಮುಂದೆ ಹಿಟ್ಟಿನ ಪೊಟ್ಟಣಕ್ಕಾಗಿ ಹೆಣ್ಣುಮಕ್ಕಳು ನಸುಕಿನಿಂದ ಪಾಳಿ ಹಚ್ಚಬೇಕಾಯಿತು. ಕಟ್ಟಿದ ದರದಲ್ಲಿ ಸಿಗದ ಹಿಟ್ಟು ಕಾಳಸಂತೆಯಲ್ಲಿ ಸಿಗುತ್ತಿತ್ತು.

ನಾವು ಉಳ್ಳಾಗಡ್ಡಿ ಬೆಳೆಯೋರ್ರಿ. ರಫ್ತು ಬಂದ್ ಮಾಡೂದೂ ಇದರಾಗ ಬರತೈತೇನು?

ಬೇರು ಒಂದೇ. ಪಟ್ಟಣದವರ ತಟ್ಟೆ ಅಗ್ಗವಾಗಲಿ ಎಂದು ಬೆಳೆಯುವವರ ಕೈ ಕಟ್ಟುವುದು. 2023ರ ಆಗಸ್ಟ್‌ನಲ್ಲಿ ಉಳ್ಳಾಗಡ್ಡಿ ರಫ್ತಿಗೆ ಶೇ 40 ಸುಂಕ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ, 2024ರ ಮೇ ತಿಂಗಳಲ್ಲಿ ತೆರವು. ಅಮರಗೋಳದ ಎಪಿಎಂಸಿಗೆ ಚೀಲ ತಂದು ದರ ಕೇಳಿ ಸುಮ್ಮನೆ ಕೂತವರಿಗೆ ಆ ಚಳಿಗಾಲ ನೆನಪಿರುತ್ತದೆ. ನಮ್ಮಲ್ಲಿ ಇದನ್ನು ಯಾವ ಪಕ್ಷ ಬಂದರೂ ಮಾಡುತ್ತದೆ, ಹಾಗಾಗಿ ಒಂದು ಸರ್ಕಾರಕ್ಕೆ ಹಣೆಪಟ್ಟಿ ಹಚ್ಚುವುದಿಲ್ಲ.

ಇದೇ ಪದ್ಧತಿ ಹತ್ತು ವರ್ಷ ಬಿಡದೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ಅರ್ಜೆಂಟೀನಾ ಇದೆ. 1946ರಲ್ಲಿ ಪೆರೋನ್ ಅಧ್ಯಕ್ಷನಾಗಿ ಬಂದಾಗ ಸರ್ಕಾರದ್ದೇ ಒಂದು ಸಂಸ್ಥೆ ರೈತರಿಂದ ಕಡಿಮೆ ದರಕ್ಕೆ ಗೋಧಿ ಕೊಂಡು ಹೊರಗೆ ಹೆಚ್ಚಿಗೆ ಮಾರಿ, ಉಳಿದದ್ದನ್ನು ಕಾರ್ಖಾನೆಗಳಿಗೂ ಪಟ್ಟಣಗಳಿಗೂ ಸುರಿಯಿತು. ಒಬ್ಬರ ಹಿಂದೊಬ್ಬರು ಅಧ್ಯಕ್ಷರಾದ ಕಿರ್ಚ್ನರ್ ದಂಪತಿಯ ಕಾಲದಲ್ಲಿ, 2003ರಿಂದ 2015ರವರೆಗೆ, ಸೋಯಾ ರಫ್ತಿಗೆ ಶೇ 35 ತೆರಿಗೆ, ಗೋಧಿ ರಫ್ತಿಗೆ ಮಿತಿ. 2008ರಲ್ಲಿ ಸೋಯಾ ತೆರಿಗೆಯನ್ನು ಇನ್ನೂ ಏರಿಸಹೊರಟಾಗ ರೈತರು ತಿಂಗಳುಗಟ್ಟಲೆ ರಸ್ತೆಗೆ ಅಡ್ಡ ಕೂತರು. ಸೆನೆಟ್ಟಿನಲ್ಲಿ ಮತ ಸಮಸಮವಾಗಿ, ಸರ್ಕಾರದ್ದೇ ಉಪಾಧ್ಯಕ್ಷ ಹೂಲಿಯೋ ಕೋಬೋಸ್ ವಿರುದ್ಧ ಮತ ಹಾಕಿ ಮಸೂದೆ ಬೀಳಿಸಿದ. ಗೋಧಿಯ ಮಿತಿ ಮಾತ್ರ ಉಳಿಯಿತು. ರೈತರು ಗೋಧಿ ಬಿತ್ತನೆ ಕಡಿಮೆ ಮಾಡಿದರು. 2013ರಲ್ಲಿ, ಜಗತ್ತಿಗೇ ಗೋಧಿ ಮಾರುವ ಆ ದೇಶದಲ್ಲಿ, ಗೋಧಿ ಅಭಾವವಾಗಿ ಬ್ರೆಡ್ಡಿನ ಬೆಲೆ ಜಿಗಿಯಿತು. ಅಗ್ಗದ ಬ್ರೆಡ್ಡಿಗಾಗಿ ಮಾಡಿದ ಕಾನೂನು ಬ್ರೆಡ್ಡನ್ನೇ ತುಟ್ಟಿ ಮಾಡಿತು.

ರೊಕ್ಕಾ ಸಾಲಲಿಲ್ಲ ಅಂದ್ರ ನೋಟು ಅಚ್ಚು ಹಾಕಿದ್ರಾತು, ಯಾರು ಬ್ಯಾಡಂತಾರ?

ಬೇಡ ಅನ್ನುವವರು ಇರಬೇಕು, ಅದಕ್ಕೇ ಕೇಂದ್ರ ಬ್ಯಾಂಕು. ವೆನೆಜುವೆಲಾದಲ್ಲಿ ಅನ್ನುವವರು ಉಳಿಯಲಿಲ್ಲ. 2018ರಲ್ಲಿ ಅಲ್ಲಿನ ಹಣದುಬ್ಬರ ಅವರದೇ ಕೇಂದ್ರ ಬ್ಯಾಂಕಿನ ಲೆಕ್ಕದಲ್ಲಿ ಶೇ 1,30,060. ನೋಟಿನ ಸೊನ್ನೆ ಕತ್ತರಿಸುವ ಕೆಲಸ ಮೂರು ಸಲ ಆಯಿತು: 2008ರಲ್ಲಿ ಮೂರು, 2018ರಲ್ಲಿ ಐದು, 2021ರಲ್ಲಿ ಆರು. ಒಟ್ಟು ಹದಿನಾಲ್ಕು ಸೊನ್ನೆ. 2007ರ ನೂರು ಲಕ್ಷ ಕೋಟಿ ಬೊಲಿವರ್ 2021ರಲ್ಲಿ ಒಂದು ಬೊಲಿವರ್ ಆಯಿತು. ಗಡಿ ದಾಟಿ ಕೊಲಂಬಿಯಾಕ್ಕೆ ಹೋದವರು ಕೂಕುತಾ ಊರಿನ ಬೀದಿಯಲ್ಲಿ ಆ ನೋಟುಗಳನ್ನು ಮಡಿಚಿ, ಚಾಪೆ ಹೆಣೆದಂತೆ ಹೆಣೆದು, ಕೈಚೀಲ ಮಾಡಿ ಮಾರಿದರು. ಚೀಲಕ್ಕೆ ಬೆಲೆ ಇತ್ತು, ನೋಟಿಗೆ ಇರಲಿಲ್ಲ. 70 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ನಮ್ಮ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯ ಜನ ಎಲ್ಲ ಸೇರಿದರೂ ಅಷ್ಟಾಗುವುದಿಲ್ಲ.

ಬಡ್ಡಿ ಇಳಿಸಿದ್ರ ಸಾಲಗಾರರಿಗೆ ಚಲೋ ಆಗತೈತಿ. ಅದರಿಂದ ತುಟ್ಟಿ ಹೆಂಗ?

ಟರ್ಕಿಯ ಅಧ್ಯಕ್ಷ ಎರ್ಡೋಗನ್ ಕೂಡ ಹೀಗೇ ವಾದಿಸಿದ. ಬಡ್ಡಿಯೇ ತುಟ್ಟಿಯ ತಾಯಿ ಎಂಬುದು ಅವನ ನಂಬಿಕೆ. 2019ರಿಂದ 2021ರ ನಡುವೆ ಕೇಂದ್ರ ಬ್ಯಾಂಕಿನ ಮೂವರು ಗವರ್ನರುಗಳನ್ನು ಒಬ್ಬರ ಹಿಂದೊಬ್ಬರಂತೆ ಕಿತ್ತ. 2021ರ ಸೆಪ್ಟೆಂಬರ್‌ನಲ್ಲಿ ಶೇ 19 ಇದ್ದ ಬಡ್ಡಿ ದರ ಡಿಸೆಂಬರ್‌ಗೆ 14ಕ್ಕೆ ಬಂತು, ತುಟ್ಟಿ ಏರುತ್ತಿರುವಾಗಲೇ. ಬ್ಯಾಂಕಿನಲ್ಲಿಟ್ಟ ಲಿರಾ ಕರಗುವುದು ಕಂಡು ಜನ ಡಾಲರ್, ಚಿನ್ನಕ್ಕೆ ಓಡಿದರು. ಲಿರಾ ಬಿತ್ತು, ಹೊರಗಿನಿಂದ ಬರುವ ಎಣ್ಣೆ, ಗೊಬ್ಬರ, ಔಷಧಿ ಎಲ್ಲ ತುಟ್ಟಿ. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 85 ಮುಟ್ಟಿತು.

ಇದೇ ಎರ್ಡೋಗನ್‌ನ ಮೊದಲ ಹತ್ತು ವರ್ಷ ಚೆನ್ನಾಗಿದ್ದವು ಎಂಬುದನ್ನೂ ಹೇಳಬೇಕು. 2005ರಲ್ಲಿ ಲಿರಾದ ಆರು ಸೊನ್ನೆ ತೆಗೆದದ್ದು ತುಟ್ಟಿ ಹತೋಟಿಗೆ ಬಂದ ಸಂಭ್ರಮಕ್ಕೆ. ಅದೇ ಮನುಷ್ಯ, ಅದೇ ಪಕ್ಷ. ನಡುವೆ ಬದಲಾದದ್ದು ಬೇಡ ಎನ್ನಬಲ್ಲವರ ಸಂಖ್ಯೆ. ಒಬ್ಬನೇ ಬಹಳ ವರ್ಷ ಕೂರುವುದರ ಬೆಲೆ ಎಲ್ಲಿಂದ ಬರುತ್ತದೆ ಎಂದು ಯಾರು ಕೇಳಿದರೂ ನಾನು ಟರ್ಕಿಯ ಕಥೆಯನ್ನೇ ಹೇಳುತ್ತೇನೆ.

ತುಟ್ಟಿ ಬಂದ್ರ ಸಾಹುಕಾರ್ರಿಗೂ ಬರತೈತಲ್ಲ, ಬಡವರಿಗೆ ಬ್ಯಾರೆ ಏನು?

ಸಾಹುಕಾರನ ಸಂಪತ್ತು ಹೊಲ, ಸೈಟು, ಬಂಗಾರದಲ್ಲಿರುತ್ತದೆ, ಬೆಲೆ ಏರಿದಂತೆ ಅದೂ ಏರುತ್ತದೆ. ಕೂಲಿಯವನ ಸಂಪತ್ತು ಅಕ್ಕಿ ಡಬ್ಬಿಯೊಳಗಿನ ನೋಟು, ಸಂಘದ ಉಳಿತಾಯ, ಭಿಸಿಯ (ಚೀಟಿಯ) ಪಾಳಿ. ವರ್ಷಕ್ಕೆ ಶೇ 85ರ ತುಟ್ಟಿಯಲ್ಲಿ, ಹನ್ನೆರಡನೇ ತಿಂಗಳು ಭಿಸಿ ಎತ್ತುವವಳ ಕೈಗೆ ಬರುವುದು ಮೊದಲ ತಿಂಗಳು ಎತ್ತಿದವಳಿಗೆ ಬಂದದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಯಾರೂ ಕದ್ದಿರುವುದಿಲ್ಲ.

## ಆಳದ ಪ್ರಶ್ನೆಗಳು

ಸರ್ಕಾರ ಅಂಕಿ-ಸಂಖ್ಯೆ ತಿದ್ದಿದರೆ ಸಾಮಾನ್ಯ ಜನರಿಗೆ ನಷ್ಟವೇನು? ಅದು ಕಾಗದದ ಮೇಲಿನ ಮಾತಲ್ಲವೇ?

ನನ್ನ ಅಪ್ಪ ಹುಬ್ಬಳ್ಳಿಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತೆ. ಕೆಂಪು ಬಟ್ಟೆಯ ಹೊದಿಕೆಯ ಖತಾವಣಿ ಬರೆಯುತ್ತಿದ್ದರು. ನನಗೆ ಹತ್ತು ವರ್ಷವಿದ್ದಾಗ ಅವರ ಪಕ್ಕ ಕೂತು ಬ್ಲೇಡಿನಿಂದ ಒಂದು ಅಂಕಿ ಕೆರೆಯಲು ಹೋದೆ. ಕೈ ಹಿಡಿದರು. ತಪ್ಪಾದರೆ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರಿ, ಕೆಳಗಿನ ತಪ್ಪು ಓದುವಂತೆಯೇ ಇರಬೇಕು ಎಂದರು. ಕೆರೆದ ಜಾಗ ಕಂಡರೆ ರೈತ ಆ ಪುಟ ಒಂದನ್ನೇ ಅಲ್ಲ, ಇಡೀ ಖತಾವಣಿಯನ್ನೇ ನಂಬುವುದಿಲ್ಲ.

ಅರ್ಜೆಂಟೀನಾ ತನ್ನ ಖತಾವಣಿ ಕೆರೆಯಿತು. 2007ರ ಜನವರಿಯಲ್ಲಿ ಅಲ್ಲಿನ ಅಂಕಿಅಂಶ ಸಂಸ್ಥೆಯಲ್ಲಿ ಬೆಲೆ ಸೂಚ್ಯಂಕದ ಹೊಣೆ ಹೊತ್ತಿದ್ದ ಗ್ರಾಸಿಯೆಲಾ ಬೆವಾಕ್ವಾ ಎಂಬ ಗಣಿತಜ್ಞೆಯನ್ನು ಆ ಸ್ಥಾನದಿಂದ ತೆಗೆದರು. ಮುಂದೆ ಸರ್ಕಾರ ವರ್ಷಕ್ಕೆ ಶೇ 10ರ ಆಸುಪಾಸು ತುಟ್ಟಿ ಎಂದು ಹೇಳುತ್ತಿದ್ದಾಗ ಹೊರಗಿನವರ ಲೆಕ್ಕ 20, 25 ತೋರಿಸುತ್ತಿತ್ತು. 2011ರಲ್ಲಿ, ತಮ್ಮದೇ ಲೆಕ್ಕ ಪ್ರಕಟಿಸಿದ ಅರ್ಥಶಾಸ್ತ್ರಜ್ಞರಿಗೆ ತಲಾ ಐದು ಲಕ್ಷ ಪೆಸೊ ದಂಡ ಹಾಕಿದರು. 2013ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಅಂಕಿಗಳ ವಿಷಯಕ್ಕೆ ಆ ದೇಶದ ಮೇಲೆ ಖಂಡನಾ ನಿರ್ಣಯ ಮಾಡಿತು.

ನಷ್ಟ ಯಾರಿಗೆ? ತುಟ್ಟಿಗೆ ತಕ್ಕಂತೆ ಬಡ್ಡಿ ಬರುತ್ತದೆ ಎಂದು ಸರ್ಕಾರದ ಬಾಂಡಿನಲ್ಲಿ ಹಣ ಇಟ್ಟವರಿಗೆ ಅರ್ಧ ಬಂತು. ಪಗಾರ ಏರಿಸಲು ಮಾತಿಗೆ ಕೂತ ಕಾರ್ಮಿಕ ಸಂಘಕ್ಕೆ ಹಿಡಿದುಕೊಳ್ಳಲು ನಂಬಬಹುದಾದ ಅಂಕಿಯೇ ಇರಲಿಲ್ಲ. ಎಷ್ಟು ಬಡವರಿದ್ದಾರೆ ಎಂಬುದೂ ಬೆಲೆಯ ಲೆಕ್ಕದ ಮೇಲೆ ನಿಂತದ್ದು, ಹಾಗಾಗಿ ಕಾಗದದಲ್ಲಿ ಬಡವರೂ ಕಡಿಮೆಯಾದರು.

ಅಷ್ಟು ಎಣ್ಣಿ ಇದ್ದ ವೆನೆಜುವೆಲಾ ಮುಳುಗಿದ್ದು ಅಮೆರಿಕದ ನಿರ್ಬಂಧದಿಂದ ಅಲ್ಲೇನು?

ನಿರ್ಬಂಧ ಗಾಯವನ್ನು ದೊಡ್ಡದು ಮಾಡಿತು, ಅದನ್ನು ಮರೆಮಾಚುವುದು ಅಪ್ರಾಮಾಣಿಕತೆ. ಆದರೆ ಇಸವಿಗಳನ್ನು ನೋಡಿ. ಅಮೆರಿಕದ ಹಣಕಾಸು ನಿರ್ಬಂಧ 2017ರ ಆಗಸ್ಟ್‌ನಲ್ಲಿ, ಎಣ್ಣೆಯ ಮೇಲಿನದು 2019ರ ಜನವರಿಯಲ್ಲಿ. 2002ರ ಡಿಸೆಂಬರಿನಿಂದ 2003ರ ಆರಂಭದವರೆಗೆ ಸರ್ಕಾರಿ ತೈಲ ಕಂಪನಿ ಪಿಡಿವಿಎಸ್‌ಎಯಲ್ಲಿ ಮುಷ್ಕರ ನಡೆದಿತ್ತು. ಚಾವೆಜ್ ಸುಮಾರು 18,000 ಜನರನ್ನು ಕೆಲಸದಿಂದ ತೆಗೆದ. ಬಾವಿಯ ಒತ್ತಡ ಕೈಯಲ್ಲಿ ಮುಟ್ಟಿ ಹೇಳುವವರು, ಭೂವಿಜ್ಞಾನಿಗಳು, ಇಂಜಿನಿಯರುಗಳು ಅದರಲ್ಲಿದ್ದರು. ಅವನು ಬಂದಾಗ ದಿನಕ್ಕೆ 30 ಲಕ್ಷ ಬ್ಯಾರಲ್ ಮೀರಿ ತೆಗೆಯುತ್ತಿದ್ದ ದೇಶ 2020ರಲ್ಲಿ 10 ಲಕ್ಷಕ್ಕಿಂತ ಬಹಳ ಕೆಳಗಿತ್ತು, ಮತ್ತು ಇಳಿಜಾರು ನಿರ್ಬಂಧಕ್ಕೆ ಮೊದಲೇ ಶುರುವಾಗಿತ್ತು. ಎಣ್ಣೆ ದರ ಮೇಲಿದ್ದ ವರ್ಷಗಳಲ್ಲಿ ಇಳಿತ ಯಾರ ಕಣ್ಣಿಗೂ ಬೀಳಲಿಲ್ಲ. 2014ರಲ್ಲಿ ದರ ಕುಸಿದ ದಿನ ಹಗೇವಿನ ತಳ ಕಂಡಿತು.

ಎಲ್ಲಾ ಕಡೆ ಹಿಂಗನ ಆಗೇತೇನು? ಸುಧಾರಿಸಿದ್ದು ಎಲ್ಲೂ ಇಲ್ಲೇನು?

ಇದೆ, ಮತ್ತು ಅದನ್ನು ಬಿಟ್ಟು ಮಾತಾಡಿದರೆ ನನ್ನ ಖತಾವಣಿಯೂ ಕೆರೆದಂತಾಗುತ್ತದೆ. ಬೊಲಿವಿಯಾದಲ್ಲಿ ಇವೊ ಮೊರಾಲೆಸ್ 2006ರಿಂದ 2019ರವರೆಗೆ ಆಳಿದ. ಮೊದಲ ವರ್ಷವೇ ಅನಿಲದ ಆದಾಯದಲ್ಲಿ ಸರ್ಕಾರದ ಪಾಲು ಏರಿಸಿದ. ಬಡತನ ಸುಮಾರು ಶೇ 60ರಿಂದ 37ಕ್ಕೆ ಇಳಿಯಿತು. ಮೊದಲ ವರ್ಷಗಳಲ್ಲಿ ಮಿಗತೆ ಬಜೆಟ್ ಇಟ್ಟು, ಮೀಸಲು ಕೂಡಿಟ್ಟವನು ಅವನು. 2014ರಲ್ಲಿ ಆ ಮೀಸಲು 1,500 ಕೋಟಿ ಡಾಲರ್ ಹತ್ತಿರವಿತ್ತು. ಆಮೇಲೆ ಅನಿಲದ ದರ ಬಿತ್ತು, ಹೊಸ ಬಾವಿ ತೋಡಿರಲಿಲ್ಲ, ಡಾಲರ್ ದರವನ್ನೂ ಪೆಟ್ರೋಲ್ ದರವನ್ನೂ ಅಲ್ಲೇ ಕಟ್ಟಿಹಾಕಿದ್ದರು. 2023ರ ಹೊತ್ತಿಗೆ ಮೀಸಲು ಬರಿದಾಗಿ ಬ್ಯಾಂಕಿನಲ್ಲಿ ಡಾಲರ್ ಸಿಗದಾಯಿತು. 2025ರ ಚುನಾವಣೆಯಲ್ಲಿ ಅವನು ಕಟ್ಟಿದ ಪಕ್ಷ ನೆಲಕಚ್ಚಿತು. ಬಡತನದಿಂದ ಮೇಲೆ ಬಂದ ಆ ಜನ ಸುಳ್ಳಲ್ಲ, ತಳ ಕಂಡ ಹಗೇವೂ ಸುಳ್ಳಲ್ಲ.

ಪೋಲೆಂಡಿನಲ್ಲಿ ಬಲಪಂಥದ ಪಕ್ಷವೊಂದು 2015ರಿಂದ ಎಂಟು ವರ್ಷ ಆಳಿ ಮಕ್ಕಳಿದ್ದ ಮನೆಗಳಿಗೆ ಮಗುವಿಗೆ ತಿಂಗಳಿಗೆ 500 ಜ್ಲೋಟಿಯಂತೆ ಕೊಟ್ಟಿತು. ಆರ್ಥಿಕತೆ ಕುಸಿಯಲಿಲ್ಲ. ನ್ಯಾಯಾಂಗದ ಜೊತೆ ಜಗಳವಾಗಿ ಯುರೋಪಿಯನ್ ಒಕ್ಕೂಟದಿಂದ ಬರಬೇಕಿದ್ದ ಹಣ ನಿಂತಿತು. 2023ರಲ್ಲಿ ಜನ ಮತ ಹಾಕಿ ಅಧಿಕಾರದಿಂದ ಇಳಿಸಿದರು. ಎಂಟು ವರ್ಷಕ್ಕೆ ಇಳಿಸಲು ಆಯಿತು ಎಂಬುದೇ ದೊಡ್ಡದು.

ಭಾರತ ಆ ಜರ್ಮನ್ನರ ಪಟ್ಟಿಯಲ್ಲಿ ಇದೆಯೇ?

ಇದೆ. ಇಂದಿರಾ ಗಾಂಧಿ ಮತ್ತು ನರೇಂದ್ರ ಮೋದಿ, ಇಬ್ಬರನ್ನೂ ಅವರು ಪಾಪ್ಯುಲಿಸ್ಟ್ ಎಂದು ಗುರುತಿಸಿದ್ದಾರೆ. ಇದನ್ನು ಹೇಳಿದ ಕೂಡಲೇ ಸಭೆಯಲ್ಲಿ ಅರ್ಧ ಜನ ಒಂದು ಹೆಸರಿಗೆ, ಉಳಿದರ್ಧ ಇನ್ನೊಂದಕ್ಕೆ ಸಿಟ್ಟಾಗುತ್ತಾರೆ. ಗುರುತಿಸಿದ್ದು ಅವರ ಮಾತಿನ ಧಾಟಿ ನೋಡಿ, ಅದನ್ನು ಒಪ್ಪದಿರಲು ಎಲ್ಲರಿಗೂ ಅವಕಾಶವಿದೆ.

1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು, 1971ರಲ್ಲಿ ‘ಗರೀಬಿ ಹಟಾವೋ’ ಬಂತು. ಹಳ್ಳಿಗೆ ಬ್ಯಾಂಕಿನ ಶಾಖೆ ಬಂದದ್ದು ಆ ಕಾಲದಲ್ಲೇ, ಅದರ ಉಪಕಾರ ನಮ್ಮ ಭಾಗದ ರೈತರು ಬಲ್ಲರು. ಸಾಲ ಯಾರಿಗೆ ಎಂಬುದು ಮೇಲಿನ ಶಿಫಾರಸಿನಿಂದ ತೀರ್ಮಾನವಾಗುವ ಚಾಳಿಯೂ ಆಗಲೇ ಬೆಳೆಯಿತು. ಕೊರತೆ ಬಿದ್ದಾಗಲೆಲ್ಲ ರಿಸರ್ವ್ ಬ್ಯಾಂಕು ಸರ್ಕಾರಕ್ಕೆ ತಾನಾಗಿ ರೊಕ್ಕ ಒದಗಿಸುವ ‘ಅಡ್‌ಹಾಕ್’ ಪದ್ಧತಿ ಯಾವ ಪಕ್ಷ ಬಂದರೂ ನಡೆದೇ ಇತ್ತು, ನಿಂತದ್ದು 1997ರಲ್ಲಿ. ಅಷ್ಟರೊಳಗೆ 1991ರಲ್ಲಿ ಸುಮಾರು 47 ಟನ್ ಚಿನ್ನ ಲಂಡನ್ನಿನಲ್ಲಿ ಒತ್ತೆ ಇಟ್ಟಾಗಿತ್ತು. ಇತ್ತೀಚೆಗೆ 2017-18ರ ಗ್ರಾಹಕ ವೆಚ್ಚ ಸಮೀಕ್ಷೆಯನ್ನು ಗುಣಮಟ್ಟ ಸರಿಯಿಲ್ಲವೆಂದು ಕೇಂದ್ರ ಸರ್ಕಾರ ಕೈಬಿಟ್ಟಿತು. 2021ರ ಜನಗಣತಿ ಆ ವರ್ಷ ನಡೆಯಲಿಲ್ಲ. ಅಂಕಿಯ ವಿಷಯದಲ್ಲಿ ನಾನು ಅಪ್ಪನ ಮಗಳು, ಯಾವ ಪಕ್ಷ ಮಾಡಿದರೂ ಇಂಥದ್ದು ನನ್ನನ್ನು ಕಂಗೆಡಿಸುತ್ತದೆ. ಇನ್ನೊಂದು ಕಡೆ 2016ರಲ್ಲಿ ಹಣದುಬ್ಬರ ಶೇ 4ರ ಸುತ್ತ, ಎರಡು ಹೆಚ್ಚು-ಕಡಿಮೆ ಇರಬೇಕೆಂಬ ಗುರಿಯನ್ನು ಕಾನೂನಿನಲ್ಲೇ ಬರೆದದ್ದು ಈಗಿನ ಸರ್ಕಾರವೇ. ಟರ್ಕಿಯಾಗದಂತೆ ಹಿಡಿದಿರುವ ಹಗ್ಗಗಳಲ್ಲಿ ಅದೊಂದು.

ರಾಜ್ಯ ಸರ್ಕಾರಗಳೂ ವೆನೆಜುವೆಲಾ ಆಗಬಹುದೇ?

ಆಗಲಾರವು. ರಾಜ್ಯ ನೋಟು ಅಚ್ಚು ಹಾಕುವಂತಿಲ್ಲ, ಕೇಂದ್ರದ ಒಪ್ಪಿಗೆ ಇಲ್ಲದೆ ಬೇಕಾದಷ್ಟು ಸಾಲ ಎತ್ತುವಂತಿಲ್ಲ. ಕರ್ನಾಟಕ 2002ರಲ್ಲೇ, ಎಲ್ಲ ರಾಜ್ಯಗಳಿಗಿಂತ ಮೊದಲು, ವಿತ್ತೀಯ ಹೊಣೆಗಾರಿಕೆಯ ಕಾಯ್ದೆ ಮಾಡಿತು: ಕೊರತೆ ರಾಜ್ಯದ ಉತ್ಪನ್ನದ ಶೇ 3 ಮೀರಬಾರದು. ಹಾಗಾಗಿ ರಾಜ್ಯದಲ್ಲಿ ಬಿಗಿ ಬಂದರೆ ಅದು ತುಟ್ಟಿಯಾಗಿ ಕಾಣುವುದಿಲ್ಲ, ಬೇರೆ ಕಡೆ ಕಾಣುತ್ತದೆ. ತುಂಬದ ಶಿಕ್ಷಕರ ಹುದ್ದೆ, ಗುತ್ತಿಗೆದಾರರ ಬಾಕಿ ಬಿಲ್ಲು, ಮುಗಿಯದ ಕಾಲುವೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆ ನಿಗಮಕ್ಕೆ ಶೂನ್ಯ ಟಿಕೆಟ್ಟಿನ ಹಣವನ್ನು ಸರ್ಕಾರ ತುಂಬಿಕೊಡಬೇಕು. ತಡವಾದರೆ ಹೊಸ ಬಸ್ಸು, ಡ್ರೈವರುಗಳ ಬಾಕಿ ಎಲ್ಲ ಮುಂದಕ್ಕೆ. 2025ರ ಜನವರಿಯಲ್ಲಿ ರಾಜ್ಯದ ಬಸ್ ದರ ಶೇ 15 ಏರಿತು, ಟಿಕೆಟ್ ಕೊಳ್ಳುವ ಗಂಡಸರು ಅದನ್ನು ಕೊಡುತ್ತಿದ್ದಾರೆ.

ಇಂಥ ಸರ್ಕಾರ ಇಳದ ಮ್ಯಾಲ ಎಷ್ಟ ವರ್ಷಕ್ಕ ಸುಧಾರಿಸತೈತಿ?

ಬೆಲೆ ಎರಡು-ಮೂರು ವರ್ಷಕ್ಕೆ ಹತೋಟಿಗೆ ಬರಬಹುದು, ಆದರೆ ಬಹಳ ಸುಟ್ಟು ಬರುತ್ತದೆ. ಟರ್ಕಿಯಲ್ಲಿ ಸರ್ಕಾರ ಇಳಿಯದೆ ನೀತಿಯನ್ನಷ್ಟೇ ತಿರುಗಿಸಿದಾಗಲೂ ಬಡ್ಡಿ 2024ರ ಮಾರ್ಚ್‌ನಲ್ಲಿ ಶೇ 50 ಮುಟ್ಟಿತು. ಆ ಬಡ್ಡಿಯಲ್ಲಿ ಸಾಲ ಎತ್ತಿ ಯಾವ ಸಣ್ಣ ಅಂಗಡಿ ಬದುಕೀತು? ಅರ್ಜೆಂಟೀನಾದಲ್ಲಿ 2023ರ ಹಣದುಬ್ಬರ ಶೇ 211. ಆ ಡಿಸೆಂಬರ್‌ನಲ್ಲಿ ಅಧ್ಯಕ್ಷನಾಗಿ ಬಂದ ಹಾವಿಯೆರ್ ಮಿಲೇ ಸಹಾಯಧನಗಳನ್ನು ಒಮ್ಮೆಗೇ ಕತ್ತರಿಸಿದಾಗ 2024ರ ಮೊದಲ ಆರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಶೇ 52.9, ಬಡತನದ ಗೆರೆಯ ಕೆಳಗಿದ್ದರು. ನಂತರದ ಆರು ತಿಂಗಳಲ್ಲಿ ಅದು 38ಕ್ಕೆ ಇಳಿಯಿತು.

ನಂಬಿಕೆ ಬೇಗ ಬರುವುದಿಲ್ಲ. ತಮ್ಮ ಉಳಿತಾಯ ಕರಗಿದ್ದನ್ನು ಕಂಡ ಅರ್ಜೆಂಟೀನಾದವರು ಇವತ್ತಿಗೂ ಡಾಲರನ್ನು ಹಾಸಿಗೆಯ ಕೆಳಗಿಡುತ್ತಾರೆ. ಒಮ್ಮೆ ಇಂಥ ನಾಯಕನನ್ನು ಕಂಡ ದೇಶ ಮತ್ತೊಮ್ಮೆ ಕಾಣುವ ಸಂಭವ ಹೆಚ್ಚು ಎಂಬುದೂ ಆ ಜರ್ಮನ್ನರ ಅಧ್ಯಯನದಲ್ಲಿದೆ.

ಇಷ್ಟೆಲ್ಲಾ ತಿಳ್ಕೊಂಡು ನಮ್ಮಂಥವರು ಏನು ಮಾಡೂದ್ರಿ ಮೇಡಂ?

ಗದಗಿನಲ್ಲಿ ಬಿ.ಎ. ಓದುವ ಹುಡುಗಿಯೊಬ್ಬಳು ಕೇಳಿದ್ದು. ಅವಳ ಊರಿನಿಂದ ಕಣಗಿನಹಾಳ ದೂರವಿಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಊರು ಅದು, ದೇಶದ ಸಹಕಾರ ಚಳವಳಿಗೆ ತೊಟ್ಟಿಲು. ಅಂಥ ಸಂಘದಲ್ಲಿ ಸಾಲ ಎತ್ತುವವರೂ ಊರವರೇ, ಲೆಕ್ಕ ಕೇಳುವವರೂ ಊರವರೇ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಿಮ್ಮ ಪಂಚಾಯ್ತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ, ಬಂದ ರೊಕ್ಕ, ಖರ್ಚಾದ ರೊಕ್ಕ ಓದಿ ಹೇಳಬೇಕು. ಅದಕ್ಕೆ ಹೋಗು. ರಾಜ್ಯದ ಬಜೆಟ್ ಭಾಷಣ ಕನ್ನಡದಲ್ಲೇ ಸಿಗುತ್ತದೆ, ಸಾಲ ಮತ್ತು ಬಡ್ಡಿಯ ಅಂಕಿಯನ್ನು ಹೋದ ವರ್ಷದ್ದರ ಪಕ್ಕ ಬರೆದು ನೋಡು. ಮಹಾಲೇಖಪಾಲರ (ಸಿಎಜಿ) ವರದಿ ಸದನಕ್ಕೆ ಬಂದಾಗ ಪತ್ರಿಕೆಯಲ್ಲಿ ಒಂದು ದಿನ ಬಂದು ಮಾಯವಾಗುತ್ತದೆ, ಆ ದಿನದ ಪತ್ರಿಕೆ ತೆಗೆದಿಡು. ಅಧಿಕಾರಿಯೊಬ್ಬ ಲೆಕ್ಕ ಕೇಳಿದ್ದಕ್ಕೆ ವರ್ಗವಾದ ಎಂದು ಕೇಳಿದರೆ, ಆ ಸರ್ಕಾರ ನಿನಗೆ ಬೇಕಾದ ಪಕ್ಷದ್ದಾದರೂ ಅವನ ಹೆಸರನ್ನು ನೆನಪಿಟ್ಟುಕೋ.

ಕಳೆದ ತಿಂಗಳು ಫೋನ್ ಮಾಡಿದ್ದಳು. ಜಮಾಬಂದಿಗೆ ಹೋಗಿದ್ದಳಂತೆ. ಸಭೆಯಲ್ಲಿ ಹತ್ತೊಂಬತ್ತು ಜನ. ಬೋರ್‌ವೆಲ್ ದುರಸ್ತಿಯ ಬಿಲ್ಲು ಎರಡು ಸಲ ಯಾಕಿದೆ ಎಂದು ಕೇಳಿದ್ದಕ್ಕೆ, ನೋಡಿ ಹೇಳುತ್ತೇವೆ ಎಂದರಂತೆ. ಬಿಲ್ಲಿನ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ, ಮುಂದಿನ ಗ್ರಾಮಸಭೆಗೆ ಅವ್ವನನ್ನೂ ಕರೆದುಕೊಂಡು ಹೋಗುತ್ತಾಳಂತೆ.